ಜೀಪಿನ ಮೇಲೆ ಬೀಗರ ಪದ

ಭೀಮನಬೀಡಿನ ಚಿಕ್ಕಮಲ್ಲಮ್ಮ ಹುಟ್ಟಿದ್ದು ಉಮ್ಮತ್ತೂರಿನಲ್ಲಿ. ಸೋಬಾನೆ ಪದ ಕಲಿತದ್ದೂ ಅಲ್ಲೇ, ತಾಯಿಯ ಹಿಂದೆ ಚಪ್ಪರದಿಂದ ಚಪ್ಪರಕ್ಕೆ ಅಲೆಯುತ್ತ. ಮದುವೆಯಾಗಿ ಭೀಮನಬೀಡಿಗೆ ಬಂದ ಮೇಲೆ ಹೊಲದ ಕೆಲಸ, ಮನೆಯ ಕೆಲಸ, ಬಾಣಂತನಗಳ ನಡುವೆಯೂ ಪದ ಬಿಡಲಿಲ್ಲ. ಗಂಡ ಬೇಗ ತೀರಿಕೊಂಡ. ಉಳಿದ ಒಬ್ಬ ಮಗ ಬೀರಯ್ಯನನ್ನು ಕೂಲಿ ಮಾಡಿ ಸಾಕಿದಳು. ಆದರೆ ಸುತ್ತಿನ ಜನ ಆಕೆಯನ್ನು ಗುರುತಿಸುತ್ತಿದ್ದದ್ದು ಪದದಿಂದ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಆ ಮನೆಯವರೊಬ್ಬರು ಎಲೆ ಅಡಿಕೆ ಹಿಡಿದು ಆಕೆಯ ಜಗಲಿಗೆ ಬರುತ್ತಿದ್ದರು.

ಎಲೆ ಅಡಿಕೆ ತಂದವರಿಗೆ ಆಕೆ ಇಲ್ಲವೆಂದದ್ದಿಲ್ಲ. ಆ ಮನೆಯವರು ಒಳ್ಳೆಯವರೋ ಕೆಟ್ಟವರೋ, ಹಿಂದಿನ ವರ್ಷ ಬದುವಿನ ಜಗಳದಲ್ಲಿ ತನ್ನ ಮಗನ ಮೇಲೆ ಕೈ ಮಾಡಿದವರೋ, ಅದು ಬೇರೆ ಮಾತು. ಚಪ್ಪರದ ಕೆಳಗೆ ಹೋದ ಮೇಲೆ ಆ ಮನೆಯವರನ್ನು ಹೊಗಳಲೇಬೇಕು. ಸೋಬಾನೆಯ ಪದಗಳಲ್ಲಿ ಹೆಸರಿಗೆಂದೇ ಜಾಗವಿರುತ್ತದೆ. ಇವತ್ತು ಒಬ್ಬನ ಹೆಸರು, ನಾಳೆ ಇನ್ನೊಬ್ಬನದು. ಹಾಡುವವಳು ಹೆಸರನ್ನು ಅಲ್ಲಿ ಕೂರಿಸುತ್ತಾಳೆ, ಅಷ್ಟೆ. ಅದನ್ನು ಆಕೆಯ ಅಭಿಪ್ರಾಯವೆಂದು ಯಾರೂ ತಿಳಿಯುತ್ತಿರಲಿಲ್ಲ.

ಬೀಗರ ಪದವೂ ಹಾಗೆಯೇ. ಧಾರೆ ಮುಗಿದು ಊಟಕ್ಕೆ ಏಳುವ ಮುಂಚೆ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಬೈಯುತ್ತಾರೆ. ಬೀಗ ಜಿಪುಣ, ಬೀಗಿತ್ತಿ ಹೊಟ್ಟೆಬಾಕಿ, ಮದುಮಗ ಕೋಣನ ಹಾಗಿದ್ದಾನೆ. ಗಂಡಿನ ಕಡೆಯವರು ಸುಮ್ಮನೆ ಕೂರುವ ಹಾಗಿಲ್ಲ. ಅವರಲ್ಲೂ ಒಬ್ಬ ಗಟ್ಟಿಗಿತ್ತಿ ಎದ್ದು ಎರಡರಷ್ಟು ಬೈಯಬೇಕು. ಬೈದು ಬೈದು ಸುಸ್ತಾದ ಮೇಲೆ ಎರಡು ಕಡೆಯವರೂ ಎದುರುಬದುರು ಎಲೆ ಹಾಕಿಸಿಕೊಂಡು ಕೂರುತ್ತಾರೆ. ಎಲೆಯ ಮುಂದೆ ಕೂತ ಮೇಲೆ ಬೈದದ್ದೆಲ್ಲ ಮುಗಿಯಿತು. ಮನೆಗೆ ಹೋಗಿ ಅದನ್ನು ನೆನೆದು ಅತ್ತ ಬೀಗಿತ್ತಿಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಚಿಕ್ಕಮಲ್ಲಮ್ಮನ ನಾಲಿಗೆ ಹರಿತ, ಗಂಟಲು ದೊಡ್ಡದು. ಐವತ್ತು ದಾಟಿದ ಮೇಲೆ ಮೈಸೂರು ಆಕಾಶವಾಣಿಯವರು ಕರೆದರು. ಆಮೇಲೆ ಒಂದು ಕ್ಯಾಸೆಟ್ ಬಂತು, ಅದರ ಮೇಲೆ ಆಕೆಯ ಫೋಟೋ. ಚಾಮರಾಜನಗರದಲ್ಲಿ ಜಿಲ್ಲಾಡಳಿತದವರು ಶಾಲು ಹೊದಿಸಿ ‘ಜಾನಪದ ಕೋಗಿಲೆ’ ಎಂದರು. ಸಂತೆಮರಹಳ್ಳಿಯ ಸಂತೆಗೆ ಹೋದರೆ ತರಕಾರಿಯವರು ಗುರುತು ಹಿಡಿದು ಒಂದು ಹಿಡಿ ಮೆಣಸಿನಕಾಯಿ ಜಾಸ್ತಿ ಹಾಕುತ್ತಿದ್ದರು. ಇದೆಲ್ಲ ಆಕೆಗೆ ಹಿತವಾಗಿತ್ತು. ಆದರೂ ಆಕೆ ಕಾಯುತ್ತಿದ್ದದ್ದು ಒಂದೇ ಚಪ್ಪರಕ್ಕೆ. ಬೀರಯ್ಯನ ಮಗಳು ಶಿವರಂಜಿನಿ ಆಕೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದ ಮುದುಕಿಗೆ ತನ್ನ ಮೊಮ್ಮಗಳನ್ನು ಹಾಡಿ ಕಳಿಸಬೇಕು ಎಂಬುದು ಒಂದೇ ಆಸೆ.

ಅದಕ್ಕೂ ಕಾಲ ಕೂಡಿ ಬಂತು. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಗೆ ಮುಂಚೆ ಶಿವರಂಜಿನಿಗೆ ಗುಂಡ್ಲುಪೇಟೆಯ ರಂಗನಾಯಕನ ಮಗ ಗೊತ್ತಾದ. ಹುಡುಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮನೆತನ ಈಗ ದೊಡ್ಡದು. ರಂಗನಾಯಕನ ಅಣ್ಣ ಸೋಮಯ್ಯ ಆ ಸಲ ಚುನಾವಣೆಗೆ ನಿಲ್ಲುವವನಿದ್ದ. ಅವರಿಬ್ಬರ ತಾಯಿ ಈರಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಳು. ನಿಶ್ಚಿತಾರ್ಥದ ದಿನ ಈರಮ್ಮ ಚಿಕ್ಕಮಲ್ಲಮ್ಮನ ಕೈ ಹಿಡಿದು ನಕ್ಕಳು.

“ಚಪ್ರದಲ್ಲಿ ನೋಡ್ಕತ್ತಿನಿ ಕಣಮ್ಮಿ ನಿನ್ನ. ಕ್ಯಾಸೆಟ್ಟಿನೋಳು ಅಂತ ಎದ್ರುಕಳಕಿಲ್ಲ ನಾನು.”

“ಬಾ ಅಕ್ಕ, ನೀನೂ ಗಂಟ್ಲು ಸರಿ ಮಾಡ್ಕಂಡೇ ಬಾ” ಎಂದಳು ಚಿಕ್ಕಮಲ್ಲಮ್ಮ.

ಚುನಾವಣೆ ಏಪ್ರಿಲ್‌ನಲ್ಲಿ, ಮದುವೆ ಮೇ ಕೊನೆಗೆ.

ಸೋಮಯ್ಯನ ಎದುರಾಳಿ ರಘುನಾಥ. ಹಳೆಯ ಜಮೀನ್ದಾರರ ಮನೆಯವನು. ಅವನ ಪರವಾಗಿ ಊರೂರು ತಿರುಗುತ್ತಿದ್ದ ಮರಿಯಪ್ಪ ಒಂದು ಬೆಳಿಗ್ಗೆ ಚಿಕ್ಕಮಲ್ಲಮ್ಮನ ಜಗಲಿಗೆ ಬಂದ. ಮರಿಯಪ್ಪ ಹಾಲಿನ ಡೈರಿಯ ಕಾರ್ಯದರ್ಶಿ, ಯಾರ ಬಳಿ ಹೇಗೆ ಹೋಗಬೇಕೆಂದು ಬಲ್ಲವನು. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಅರಿಶಿನ, ಕುಂಕುಮ ಎಲ್ಲ ಇಟ್ಟುಕೊಂಡೇ ಬಂದಿದ್ದ.

“ಚಿಕ್ಕವ್ವ, ಗುಂಡ್ಲುಪೇಟೇಲಿ ಸಭೆ ಮಡಗಿವಿ. ಬೆಂಗ್ಳೂರಿಂದ ಟೀವಿ ಧಾರಾವಾಯಿ ಎಣ್ಮಗ್ಳು ಬತ್ತಾವ್ಳೆ. ಅವಳು ಬರಗಂಟ ಜನ ಕುಂತಿರಬೇಕಲ್ಲ. ನೀ ಬಂದು ನಾಕ್ ಪದ ಹಾಡು.”

“ಏನ್ ಪದ ಹಾಡನ್ಲಾ ಅಲ್ಲಿ? ಮದ್ವೆಯಾ?”

“ಮದ್ವೆ ಅನ್ಕೊ. ರಘುನಾಥಪ್ಪಾರೇ ಮದುಮಗ. ಆಮ್ಯಾಲೆ ನಿನ್ ಬೀಗರ ಪದ ಅದಲ್ಲ, ಅದ್ನೂ ಹಾಡು. ಜನ ಬಿದ್ದೂ ಬಿದ್ದೂ ನಗಬೇಕು.”

ಸೊಸೆ ಬಸವಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಮರಿಯಪ್ಪ ಹೋದ ಮೇಲೆ ಹೊರಗೆ ಬಂದಳು.

“ಅತ್ತೆ, ಅವ್ರು ನಮ್ ಬೀಗರ ಎದುರು ಪಾರ್ಟಿ. ಓಗ್ಬ್ಯಾಡಿ.”

“ಎಲೆ ಅಡ್ಕೆ ತಂದವ್ನೆ ಕಣಮ್ಮಿ. ಇಷ್ಟ್ ವರ್ಸ ಓಗಿವ್ನಿ, ಈಗ ಪಾರ್ಟಿ ನೋಡ್ಕಂಡು ಕುಂತ್ಕಳನಾ? ಸೋಮಯ್ಯ ಕರದ್ರೆ ಅವನತ್ರನೂ ಓಯ್ತಿನಿ.”

“ಓಗಿ ಬೇಕಾರೆ. ಬೀಗರ ಪದ ಮಾತ್ರ ಬ್ಯಾಡ.”

“ಯಾಕ್ ಬ್ಯಾಡ? ಸೋಮಯ್ಯ ಯಾರು? ನಮ್ ಬೀಗನ ಅಣ್ಣ. ಬೇರೆಯೋರ್ ಬಾಯಲ್ಲಿ ಬಂದ್ರೆ ಬೈಗಳ, ನನ್ ಬಾಯಲ್ಲಿ ಬಂದ್ರೆ ಮರ್ಯಾದೆ. ಬೈಯೋ ಹಕ್ಕು ಈಗಿನ್ನೂ ಬಂದದೆ ನಂಗೆ.”

ಬಸವಮ್ಮ ಒಳಗೆ ಹೋದಳು. ಆ ಊರಿನ ಲೆಕ್ಕದಲ್ಲಿ ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ಚಿಕ್ಕಮಲ್ಲಮ್ಮ ಲೆಕ್ಕ ತಪ್ಪಿದ್ದು ಒಂದೇ ಕಡೆ. ಚುನಾವಣೆಯಲ್ಲಿ ಉತ್ತರ ಹಾಡುವ ಹೆಂಗಸರು ಎದುರಿಗೆ ಕೂತಿರುವುದಿಲ್ಲ, ಕೊನೆಗೆ ಎಲೆ ಹಾಕುವವರೂ ಇರುವುದಿಲ್ಲ. ಇದು ಯೋಚಿಸಿದರೆ ತಿಳಿಯುವ ಮಾತು. ಆಕೆ ಯೋಚಿಸಲಿಲ್ಲ. ಶಾಮಿಯಾನ ಕಟ್ಟಿದ್ದಾರೆ, ಕುಂಕುಮ ಕೊಟ್ಟಿದ್ದಾರೆ, ಜನ ಕೂತಿದ್ದಾರೆ ಎಂದರೆ ಆಕೆಗೆ ಅದು ಚಪ್ಪರವೇ.

ಇನ್ನೊಂದು ಸಂಗತಿಯನ್ನು ಯಾರೂ ಕೇಳಲಿಲ್ಲ. ಆ ಸಲ ಆಕೆ ಓಟು ಹಾಕಬೇಕೆಂದಿದ್ದದ್ದು ಸೋಮಯ್ಯನಿಗೇ. ಅವನು ತಾಲ್ಲೂಕು ಪಂಚಾಯ್ತಿಯಲ್ಲಿದ್ದಾಗ ಅವರ ಬೀದಿಗೆ ಬೋರು ಹಾಕಿಸಿದ್ದ.

ಸಭೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಧಾರಾವಾಹಿಯ ನಟಿ ಬಂದದ್ದು ಮೂರು ಗಂಟೆ ತಡವಾಗಿ. ಅಷ್ಟು ಹೊತ್ತೂ ಜನರನ್ನು ಹಿಡಿದು ಕೂರಿಸಿದ್ದು ಚಿಕ್ಕಮಲ್ಲಮ್ಮ. ಮೊದಲು ರಘುನಾಥನ ಮನೆಯನ್ನು ಹೊಗಳಿದಳು. ಆಮೇಲೆ ಪದ್ಧತಿಯಂತೆ ಕರೆದವರಿಂದಲೇ ಬೈಗುಳ ಶುರು ಮಾಡಿ, ರಘುನಾಥನ ಹೊಟ್ಟೆಯನ್ನು ಕಣಜಕ್ಕೆ ಹೋಲಿಸಿದಳು. ಜನ ಕೇಕೆ ಹಾಕಿದರು, ರಘುನಾಥನೂ ಹೊಟ್ಟೆ ಹಿಡಿದು ನಕ್ಕ. ಬಳಿಕ ಸೋಮಯ್ಯನ ಸರದಿ. ಚಪ್ಪರದಲ್ಲಿ ನೂರಾರು ಬೀಗರಿಗೆ ಹಾಡಿದ್ದ ಪದಕ್ಕೆ ಅವನ ಹೆಸರು ಕೂರಿಸಿದಳು:

ಹಿಟ್ಟಿಗೆ ಬಂದೋಳ ಮಗನಂತೆ ಸೋಮಯ್ಯ
ಕಟ್ಟವನೆ ಪೇಟ ಜರಿಪೇಟ, ಇವನವ್ವ
ಹೊಟ್ಟನ್ನೂ ಬಿಡದೆ ಕೇರವಳೆ.

ಕೊನೆಗೆ ಎರಡು ಕಡೆಯವರಿಗೂ ತಪ್ಪಾಯಿತೆಂದು ಹೇಳಿ, ಎಲ್ಲರನ್ನೂ ಊಟಕ್ಕೆ ಕರೆಯುವ ಪದ ಹಾಡಿ ಮುಗಿಸಿದಳು. ಊಟವಿರಲಿಲ್ಲ, ಪ್ಯಾಕೆಟ್ಟಿನಲ್ಲಿ ಪಲಾವು ಹಂಚಿದರು.

ನಟಿ ಬಂದು ಚೀಟಿ ನೋಡಿಕೊಂಡು ಮಾತಾಡಿದಳು. ಗುಂಡ್ಲುಪೇಟೆಯಲ್ಲಿ ನಿಂತು “ಚಾಮರಾಜನಗರದ ಮಹಾಜನತೆಯೇ” ಎಂದಳು. ರಘುನಾಥ ತನಗೆ ಅಣ್ಣನಿದ್ದ ಹಾಗೆ, ಈ ಮಣ್ಣಿನ ಕಷ್ಟ ತನಗೆ ಗೊತ್ತು, ಎದುರಿನವರು ಬಂದರೆ ಹೆಣ್ಣುಮಕ್ಕಳಿಗೆ ಉಳಿಗಾಲವಿಲ್ಲ ಎಂದಳು. ಕೈ ಬೀಸಿ ಕಾರು ಹತ್ತಿದಳು. ಅವಳು ಆಡಿದ್ದನ್ನು ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಅವಳಿಗೆ ಆ ತಾಲ್ಲೂಕಿನಲ್ಲಿ ಬೀಗರಿಲ್ಲ, ನೆಂಟರಿಲ್ಲ, ಬಸ್ಸಿಗೆ ಕಾಯುವಾಗ ಎದುರಿಗೆ ಸಿಗುವವರಿಲ್ಲ. ಅಭಿಪ್ರಾಯ ಹೇಳಿ ಹೋಗುವುದು ಅಂಥವರಿಗೆ ಸುಲಭ.

ನಾಲ್ಕಾರು ದಿನಗಳ ಮೇಲೆ ಚಿಕ್ಕಮಲ್ಲಮ್ಮ, ಬಸವಮ್ಮ, ಶಿವರಂಜಿನಿ ಮೂವರೂ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಬೀದಿಯ ತುದಿಯಿಂದ ಜೀಪು ಬಂತು. ಮೈಕಿನಲ್ಲಿ ಆಕೆಯದೇ ದನಿ.

“ಅಜ್ಜಿ, ನೀನು ಕಣಜ್ಜಿ!” ಎಂದು ಶಿವರಂಜಿನಿ ಎದ್ದು ನಿಂತಳು.

ಚಿಕ್ಕಮಲ್ಲಮ್ಮ ಕೈಯ ಕೊಡತಿಯನ್ನು ಕೆಳಗಿಟ್ಟು ಹಿಗ್ಗಿನಿಂದ ಕೇಳಿದಳು. ಹಿಟ್ಟಿನ ಪದ ಬಂತು. ಅದು ಮುಗಿದೊಡನೆ ಅನೌನ್ಸ್ ಮಾಡುವವನ ಕಂಚಿನ ಕಂಠ: “ಕೇಳಿದಿರಾ ಮತದಾರ ಬಂಧುಗಳೇ! ನಮ್ಮ ಜಾನಪದ ಕೋಗಿಲೆ ಚಿಕ್ಕಮಲ್ಲಮ್ಮನವರೇ ಹೇಳುತ್ತಿದ್ದಾರೆ. ಯಾರ ಮನೆಯ ಹಿಟ್ಟು ತಿಂದು ಬೆಳೆದರೋ ಆ ಮನೆಗೇ ಎದುರು ನಿಂತವರಿಗೆ ನಿಮ್ಮ ಓಟೇ? ಸ್ವಂತ ಬೀಗರೇ ನಂಬದ ಸೋಮಯ್ಯನನ್ನು ನೀವು ನಂಬುತ್ತೀರಾ?” ಮತ್ತೆ ಹಿಟ್ಟಿನ ಪದ. ಮತ್ತೆ ಅದೇ ಮಾತು.

ಆಕೆ ಉಳಿದ ಪದಗಳಿಗೆ ಕಾದಳು. ರಘುನಾಥನ ಹೊಟ್ಟೆಯ ಪದ ಬರಲಿಲ್ಲ. ಊಟಕ್ಕೆ ಕರೆಯುವ ಪದವೂ ಬರಲಿಲ್ಲ. ಸಭೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಮೈಸೂರಿನ ಯಾವುದೋ ಸ್ಟುಡಿಯೋದಲ್ಲಿ ಕತ್ತರಿಸಿ ಒಂದೇ ಒಂದು ಪದವನ್ನು ಉಳಿಸಿಕೊಂಡಿದ್ದರು. ಜೀಪು ಬೀದಿಯನ್ನು ಸುತ್ತಿ ಹೋಗುವಷ್ಟರಲ್ಲಿ ಈರಮ್ಮ ಎಷ್ಟೋ ಸಲ ಹೊಟ್ಟು ಕೇರಿದ್ದಳು.

ಶಿವರಂಜಿನಿ ಕೂತುಬಿಟ್ಟಳು. ಹುಣಸೆಹಣ್ಣಿನ ಮೇಲೆ ನೊಣ ಕೂತರೂ ಯಾರೂ ಅಟ್ಟಲಿಲ್ಲ.

ಮರುದಿನ ಚಿಕ್ಕಮಲ್ಲಮ್ಮ ಡೈರಿಗೆ ಹೋಗಿ ಮರಿಯಪ್ಪನನ್ನು ತಡೆದಳು.

“ಏನ್ಲಾ ಮಾಡ್ಬುಟ್ಟೆ? ನಾ ಪೂರ್ತಿ ಹಾಡಿದ್ನಲ್ಲ, ಮಿಕ್ಕಿದ್ದೆಲ್ಲಿ?”

“ಚಿಕ್ಕವ್ವ, ಜೀಪು ಒಂದೂರಲ್ಲಿ ಹತ್ತು ನಿಮ್ಸ ನಿಲ್ತದೆ. ಪೂರ್ತಿ ಯಾರ್ ಕೇಳರು?”

“ರಘುನಾಥಪ್ಪನ ಹೊಟ್ಟೆ ಪದಾನೂ ಹಾಕು. ಇಲ್ಲಾಂದ್ರೆ ಎರಡ್ನೂ ತಗೀ.”

ಮರಿಯಪ್ಪ ನಕ್ಕ. “ನಮ್ ಜೀಪಲ್ಲಿ ನಮ್ ಯಜಮಾನನ ಹೊಟ್ಟೆ ಹಾಡ್ಸನಾ? ಬುಡವ್ವ, ಎಲೆಕ್ಷನ್ ಮುಗದ್ರೆ ಎಲ್ಲಾ ಮರ್ತೋಯ್ತರೆ.”

ಸೋಮಯ್ಯನ ಕಡೆಯವರು ಮರೆಯುವವರೆಗೆ ಕಾಯಲಿಲ್ಲ. ಒಂದು ಕರಪತ್ರ ಹೊರಟಿತು. ತಾಯಂದಿರನ್ನು ಬೀದಿಯಲ್ಲಿ ಹರಾಜು ಹಾಕುವ ಪಕ್ಷಕ್ಕೆ ಪಾಠ ಕಲಿಸಿ, ದುಡ್ಡಿಗೆ ನಾಲಿಗೆ ಮಾರಿಕೊಂಡ ಗಾಯಕಿಯನ್ನು ಗುರುತಿಸಿ ಎಂದಿತ್ತು ಅದರಲ್ಲಿ. ಅವರೂ ಒಬ್ಬ ಸಿನಿಮಾ ಹಾಸ್ಯನಟನನ್ನು ಕರೆಸಿದರು. ಅವನು ಬಸ್ ನಿಲ್ದಾಣದ ಎದುರು ತೆರೆದ ಲಾರಿಯಲ್ಲಿ ನಿಂತು, ಸೆರಗು ಹೊದ್ದ ಹಾಗೆ ತಲೆಗೆ ಟವೆಲು ಹಾಕಿಕೊಂಡು ಮುದುಕಿಯ ದನಿಯಲ್ಲಿ ಹಾಡಿ, “ಅಜ್ಜಿಗೆ ಎಷ್ಟು ಕೊಟ್ಟಿರಬಹುದು, ಹೇಳಿ ನೋಡೋಣ?” ಎಂದು ಜನರನ್ನು ಕೇಳಿದ. ಜನ ಕೂಗಿ ಕೂಗಿ ಬೆಲೆ ಕಟ್ಟಿದರು. ಎರಡು ವಾರದ ಹಿಂದೆ ಆಕೆಯ ಪದಕ್ಕೆ ನಕ್ಕವರೂ ಆ ಗುಂಪಿನಲ್ಲಿದ್ದರು.

ಬೀರಯ್ಯ ಟೀ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ. ಅಲ್ಲಿ ಕೂತವರು “ಬಾಪ್ಪ ಬೀರಯ್ಯ, ನಿಮ್ಮವ್ವಂಗೆ ರೇಟು ಜಾಸ್ತಿ ಆಯ್ತಂತಲ್ಲ” ಎನ್ನುತ್ತಿದ್ದರು. ಅವನು ತಾಯಿಯ ಮುಂದೆ ಉಣ್ಣುವಾಗ ತಟ್ಟೆ ನೋಡಿಕೊಂಡು ಉಂಡು ಎದ್ದು ಹೋಗುತ್ತಿದ್ದ.

ಸೋಮಯ್ಯ ಸೋತ. ಅಂತರ ಕಡಿಮೆ. ಸೋಲಿಗೆ ಕಾರಣಗಳು ಹತ್ತಿರಬಹುದು, ಆದರೆ ಸೋತವನ ಮನೆಗೆ ಹೇಳಿಕೊಳ್ಳಲು ಸುಲಭವಾದ ಕಾರಣ ಬೇಕಿತ್ತು. ಅದು ಭೀಮನಬೀಡಿನ ಜಗಲಿಯಲ್ಲಿ ಸಿಕ್ಕಿತು.

ಎಣಿಕೆ ಆದ ವಾರದಲ್ಲಿ ರಂಗನಾಯಕ ಒಬ್ಬನೇ ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ. ಬೀರಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಚಿಕ್ಕಮಲ್ಲಮ್ಮ ಬಾಗಿಲ ಹತ್ತಿರ ಕೂತಿದ್ದಳು.

“ಮದ್ವೆ ಮುರಿಯಕ್ಕೆ ಬಂದಿಲ್ಲ” ಎಂದ ರಂಗನಾಯಕ. “ಅಣ್ಣ ಮುರಿ ಅಂದ. ನಮ್ಮವ್ವ ಬ್ಯಾಡ ಅಂದ್ಳು. ಹುಡುಗಿ ಏನ್ ಮಾಡವ್ಳೆ ಅಂದ್ಳು. ಛತ್ರನೂ ಹೇಳಿವಿ, ಪತ್ರಿಕೆನೂ ಹಂಚಿವಿ.”

“ನಿಮ್ಮವ್ವ ದೊಡ್ಡೋಳು” ಎಂದ ಬೀರಯ್ಯ.

“ಆದ್ರೆ ಒಂದು ಬೀರಣ್ಣ. ಛತ್ರದಲ್ಲಿ ನಿಮ್ಮವ್ವ ಬಾಯಿ ಬುಡಂಗಿಲ್ಲ. ಸೋಬಾನೆ ಬ್ಯಾಡ, ಬೀಗರ ಪದ ಬ್ಯಾಡ. ನಾವೇ ಆರ್ಕೆಸ್ಟ್ರಾ ಹೇಳಿವಿ. ಅವ್ವ ಬಂದು ಕುಂತ್ಕಳ್ಲಿ, ಅಕ್ಷತೆ ಹಾಕ್ಲಿ, ಉಣ್ಲಿ. ಅಷ್ಟೆ.”

ಬೀರಯ್ಯ ತಾಯಿಯ ಕಡೆ ನೋಡದೆ, “ಆಯ್ತು” ಎಂದ.

ಚಿಕ್ಕಮಲ್ಲಮ್ಮ ರಂಗನಾಯಕ ಮುಟ್ಟದ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನ ಶಿವರಂಜಿನಿ ಆಕೆಯ ತಲೆಗೆ ಎಣ್ಣೆ ಹಚ್ಚುತ್ತ, “ಅಜ್ಜಿ, ನೀ ಮದ್ವೇಲಿ ಸುಮ್ಕಿರ್ತಿಯಲ್ವ?” ಎಂದು ಕೇಳಿದಳು. ಹುಡುಗಿಯ ದನಿಯಲ್ಲಿ ಬೇಡಿಕೆ ಇತ್ತು, ಹೆದರಿಕೆಯೂ ಇತ್ತು. ಮುದುಕಿಗೆ ಎದೆಗೆ ತಾಕಿದ್ದು ಹೆದರಿಕೆ. ಇಷ್ಟು ವರ್ಷ ತನ್ನ ದನಿಗೆ ಹೆದರಿದವರು ಬೀಗರು ಮಾತ್ರ, ಅದೂ ನಗುತ್ತ.

ಸರಿಪಡಿಸುವ ದಾರಿಯೊಂದು ಆಕೆಗೆ ಕಂಡಿತು. ಆಕೆಗೆ ಗೊತ್ತಿದ್ದ ದಾರಿ ಅದೊಂದೇ. ಎಲೆ, ಅಡಿಕೆ, ಒಂದು ರವಿಕೆ ಬಟ್ಟೆ ತೆಗೆದುಕೊಂಡು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದಳು. ಬಸ್ಸಿನಲ್ಲಿ ಗುರುತು ಹಿಡಿದ ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡರು. ಇನ್ನೊಬ್ಬಳು, ರಘುನಾಥನ ಕಡೆಯವಳಿರಬೇಕು, “ಸರ್ಯಾಗ್ ಜಾಡುಸ್ದೆ ಕಣವ್ವ” ಎಂದು ಹೊಗಳಿದಳು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು.

ಈರಮ್ಮ ಹಿತ್ತಲಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದಳು. “ಬಂದ್ಯಾ” ಎಂದಳು. ಕೂರು ಎನ್ನಲಿಲ್ಲ, ಚಿಕ್ಕಮಲ್ಲಮ್ಮ ತಾನಾಗಿಯೇ ನೆಲದ ಮೇಲೆ ಕೂತಳು.

“ಅಕ್ಕ, ನಾ ಬೈದದ್ದು ಬೀಗರ ಪದದಲ್ಲಿ. ಅವ್ರು ತುಂಡು ಮಾಡಿ ಹಾಕುದ್ರು. ಪೂರ್ತಿ ಹಾಡಿದ್ದೆ ನಾನು, ಮಾದಪ್ಪನಾಣೆ.”

“ಹಾಡಿರ್ತಿಯೆ.”

“ಹಂಗಾರೆ ನೀನೂ ಬೈಯಿ. ಛತ್ರದಲ್ಲಿ ಎಲ್ಲಾರ್ ಮುಂದೆ ನನ್ ಮೊಖದ್ ಮ್ಯಾಲೆ ಬೈಯಿ. ಎಷ್ಟ್ ಬೇಕಾರೂ ಬೈಯಿ. ನಾ ಉತ್ರ ಹಾಡಕಿಲ್ಲ, ತಲೆ ಬಗ್ಗುಸ್ಕಂಡು ಕೇಳ್ತಿನಿ. ಆಮ್ಯಾಲೆ ಇಬ್ರೂ ಎದುರುಬದುರು ಕುಂತು ಉಣ್ಣನ. ಮುಗ್ದೋಯ್ತದೆ.”

ಈರಮ್ಮ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ನೀ ಬೈದದ್ದ ಎಷ್ಟೂರೋರು ಕೇಳವ್ರೆ ಮಲ್ಲಿ? ತೆರಕಣಾಂಬಿಯೋರು ಕೇಳವ್ರೆ, ಬೇಗೂರೋರು ಕೇಳವ್ರೆ. ನನ್ ತವರೂರಲ್ಲಿ ನಮ್ಮತ್ಗೆ ಕೇಳವ್ಳೆ. ಅವ್ರೆಲ್ಲಾ ಛತ್ರಕ್ಕೆ ಬತ್ತರಾ ನನ್ ಉತ್ರ ಕೇಳಕ್ಕೆ?”

ಚಿಕ್ಕಮಲ್ಲಮ್ಮ ರವಿಕೆ ಬಟ್ಟೆಯ ಮಡಿಕೆ ಸರಿ ಮಾಡಿದಳು.

“ನಾ ಹಾಡುದ್ರೂ ನಾಳಿಕ್ಕೆ ಅದ್ನೂ ಯಾವನೋ ಹಿಡ್ಕಂಡು ಜೀಪಿಗೆ ಹಾಕ್ತನೆ. ನಮ್ ಸೋಮಯ್ಯನೇ ಹಾಕ್ತನೆ. ನಂಗೆ ಬ್ಯಾಡ ಬುಡು.”

ಆರಿಸಿದ ಕಾಳನ್ನು ಒಂದು ಕಡೆಗೆ ಸರಿಸಿ ಈರಮ್ಮ ತಾನೇ ಮತ್ತೆ ಶುರು ಮಾಡಿದಳು.

“ಆ ಬರಗಾಲದ ವರ್ಸ ಸುತ್ತಿನೂರೋರ ಜೊತೆ ರಘುನಾಥನ ತಾತನ ಜಗಲೀಲಿ ಹಿಟ್ಟಿಗೆ ಕುಂತಿದ್ನಲ್ಲ, ಗ್ಯಾಪ್ಕ ಅದಾ?”

“ಅದೆ.”

“ನನ್ ಪಕ್ಕದಲ್ಲಿ ಯಾರ್ ಕುಂತಿದ್ರು?”

“ನಾನು.”

“ಮಡ್ಲಲ್ಲಿ ಸೋಮಯ್ಯ ಅಳ್ತಿದ್ದ. ನಿನ್ ಮೊರದಿಂದ ಒಂದ್ ಹಿಡಿ ತಗ್ದು ನನ್ ಮೊರಕ್ಕೆ ಹಾಕ್ದೆ. ಅದ್ನ ಮರ್ತಿಲ್ಲ ನಾನು. ಅದ್ಕೇ ಮದ್ವೆ ಮುರಿಬ್ಯಾಡಿ ಅಂದೆ.” ಈರಮ್ಮ ಮೊರವನ್ನು ಒಮ್ಮೆ ತಟ್ಟಿದಳು. “ಊರೋರೆಲ್ಲಾ ಅದು ಬರೀ ಪದ ಅನ್ಕಂಡವ್ರೆ, ಇಲ್ಲಾಂದ್ರೆ ಸುಳ್ಳು ಅನ್ಕಂಡವ್ರೆ. ನಿಂಗ್ ಗೊತ್ತಿತ್ತಲ್ಲ ಮಲ್ಲಿ, ಅದು ದಿಟ ಅಂತ.”

ಚಿಕ್ಕಮಲ್ಲಮ್ಮ ಆ ಪದವನ್ನು ನೂರಾರು ಚಪ್ಪರದಲ್ಲಿ ಹಾಡಿದ್ದಳು. ಸೋಮಯ್ಯನ ಹೆಸರನ್ನು ಅಲ್ಲಿ ಕೂರಿಸುವಾಗ ಆ ಜಗಲಿ ನೆನಪಿಗೆ ಬಂದಿತ್ತೇ ಎಂದು ಈಗ ತನ್ನನ್ನೇ ಕೇಳಿಕೊಂಡಳು. ಬಂದಿರಲಿಲ್ಲ. ಹಾಡುವಾಗ ಆಕೆಗೆ ಗಣ, ತಾಳ, ಜನರ ನಗು ಇಷ್ಟೇ ಕಾಣುತ್ತಿದ್ದದ್ದು. ಆದರೆ ನೆನಪಾಗಲಿಲ್ಲ ಎಂದು ಹೇಳಿದರೆ ಅದು ಈರಮ್ಮನಿಗೆ ಸಮಾಧಾನ ತರುವ ಮಾತೂ ಆಗಿರಲಿಲ್ಲ. ಎಲೆ ಅಡಿಕೆಯನ್ನು ಈರಮ್ಮನ ಪಕ್ಕದಲ್ಲಿಟ್ಟು ಎದ್ದಳು. ಈರಮ್ಮ ಅದನ್ನು ಮುಟ್ಟಲಿಲ್ಲ, ಬೇಡವೆಂದು ಹಿಂದಕ್ಕೆ ಸರಿಸಲೂ ಇಲ್ಲ.

ಮದುವೆ ಗುಂಡ್ಲುಪೇಟೆಯ ಛತ್ರವೊಂದರಲ್ಲಿ ನಡೆಯಿತು. ಆರ್ಕೆಸ್ಟ್ರಾದವರು ಎತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಎರಡೂ ಪಕ್ಕದಲ್ಲಿಟ್ಟು ಸಿನಿಮಾ ಹಾಡುಗಳನ್ನು ಹಾಡಿದರು. ಚಿಕ್ಕಮಲ್ಲಮ್ಮ ಹಸಿರು ಸೀರೆ ಉಟ್ಟು ಮಂಟಪದ ಹತ್ತಿರ ಕೂತಿದ್ದಳು. ಎಣ್ಣೆ ಶಾಸ್ತ್ರಕ್ಕೆ ಪದವಿಲ್ಲ, ಬಳೆ ತೊಡಿಸುವುದಕ್ಕೆ ಪದವಿಲ್ಲ, ತಾಳಿ ಕಟ್ಟುವಾಗಲೂ ಇಲ್ಲ. ಒಂದೊಂದು ಶಾಸ್ತ್ರಕ್ಕೂ ಆಕೆಯ ಗಂಟಲು ತಾನಾಗಿ ಸಡಿಲವಾಗುತ್ತಿತ್ತು. ಬಾಯಿಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಅಗಿಯುತ್ತ ಕೂತಳು.

ಧಾರೆ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಆರ್ಕೆಸ್ಟ್ರಾದವರು ಟೀ ಕುಡಿಯಲು ಹೋದರು. ಸದ್ದು ನಿಂತಿತು. ಹೆಣ್ಣಿನ ಕಡೆಯ ಹೆಂಗಸರೆಲ್ಲ ಅಭ್ಯಾಸದಂತೆ ಚಿಕ್ಕಮಲ್ಲಮ್ಮನ ಕಡೆ ತಿರುಗಿದರು. ಉಮ್ಮತ್ತೂರಿನಿಂದ ಬಂದಿದ್ದ ನಾದಿನಿಯೊಬ್ಬಳಿಗೆ ನಡೆದದ್ದು ಪೂರ್ತಿ ತಿಳಿದಿರಲಿಲ್ಲ. “ಎತ್ಕೊ ಮಲ್ಲಕ್ಕ, ಬೀಗರು ಉಣ್ಣಕ್ಕೆ ಏಳ್ತಾವ್ರೆ” ಎಂದು ತಾನೇ ಒಂದು ಸೊಲ್ಲು ಎತ್ತಿದಳು. ಬಸವಮ್ಮ ಅವಳ ಮೊಣಕೈ ಹಿಡಿದು ಅದುಮಿದಳು. ಸೊಲ್ಲು ಅಲ್ಲಿಗೇ ನಿಂತಿತು. ಮಂಟಪದ ಮೇಲಿನಿಂದ ಶಿವರಂಜಿನಿ ಅಜ್ಜಿಯನ್ನೇ ನೋಡುತ್ತಿದ್ದಳು. ಹಾಡಬೇಡ ಎನ್ನುತ್ತಿದ್ದಳೋ ಹಾಡು ಎನ್ನುತ್ತಿದ್ದಳೋ ಆ ದೂರಕ್ಕೆ ತಿಳಿಯುವಂತಿರಲಿಲ್ಲ. ಎದುರು ಸಾಲಿನಲ್ಲಿ ಈರಮ್ಮ ಕೈ ಕಟ್ಟಿಕೊಂಡು ನೆಲ ನೋಡುತ್ತ ಕೂತಿದ್ದಳು.

ಚಿಕ್ಕಮಲ್ಲಮ್ಮ ಬಾಯಿ ತೆರೆಯಲಿಲ್ಲ. ತೆರೆಯುವ ಹಕ್ಕು ತನಗಿಲ್ಲ ಎಂಬುದನ್ನು ರಂಗನಾಯಕ ಹೇಳಿದಾಗ ಆಕೆ ಒಪ್ಪಿರಲಿಲ್ಲ. ಈಗ ಒಪ್ಪಿದಳು.

ಊಟಕ್ಕೆ ಬೀಗರ ಪಂಕ್ತಿ ಹ್ಯಾಗೂ ಎದುರುಬದುರೇ. ಚಿಕ್ಕಮಲ್ಲಮ್ಮನ ಎದುರಿನ ಎಲೆ ಈರಮ್ಮನದು. ಬಡಿಸಲು ಶುರು ಮಾಡಿದ ಮೇಲೂ ಆ ಜಾಗ ಖಾಲಿ ಇತ್ತು. ಅವ್ವನಿಗೆ ತಲೆ ಸುತ್ತು ಬಂದು ಮನೆಗೆ ಹೋದಳು ಎಂದು ರಂಗನಾಯಕನ ಹೆಂಡತಿ ಯಾರಿಗೋ ಹೇಳಿದಳು. ಬಡಿಸುವವನು ಖಾಲಿ ಎಲೆಗೂ ಪಾಯಸ ಹಾಕಿ ಮುಂದೆ ಹೋದ. ಚಿಕ್ಕಮಲ್ಲಮ್ಮ ತನ್ನ ಎಲೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಮೊಮ್ಮಗಳ ಮದುವೆಯ ಎಲೆಯಲ್ಲಿ ಅನ್ನ ಬಿಟ್ಟು ಏಳುವುದು ಒಳ್ಳೆಯದಲ್ಲ.

ಆಮೇಲಿನ ನಾಲ್ಕು ವರ್ಷದ್ದು ಹೆಚ್ಚು ಹೇಳುವಂಥದ್ದಿಲ್ಲ. ವೇದಿಕೆಗಳಿಗೆ ಕರೆ ಬರುತ್ತಿತ್ತು, ದಸರೆಗೆ ಒಮ್ಮೆ ಮೈಸೂರಿಗೂ ಹೋಗಿಬಂದಳು. ಚಪ್ಪರಗಳಿಗೆ ಕರೆ ಕಡಿಮೆಯಾಯಿತು. ಸೋಮಯ್ಯನ ಕಡೆಯವರು ಕರೆಯಲಿಲ್ಲ. ರಘುನಾಥನ ಕಡೆಯವರು ಕರೆದಾಗ, ಹೋದರೆ ಆ ಕಡೆಯವಳೆಂದು ಗಟ್ಟಿಯಾಗುತ್ತದೆಂದು ಆಕೆಯೇ ಹಿಂದೆ ಸರಿದಳು. ಯಾವ ಕಡೆಯೂ ಅಲ್ಲದವರು ಯಾಕೆ ಬೇಕು ಗೊಡವೆ ಎಂದು ಆರ್ಕೆಸ್ಟ್ರಾ ಹೇಳಿದರು. ಶಿವರಂಜಿನಿ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದಳು. ಗಂಡನ ಮನೆಯಲ್ಲಿ ಅವಳಿಗೆ ಕಷ್ಟವಿರಲಿಲ್ಲ. ಈರಮ್ಮ ತೀರಿಕೊಂಡಾಗ ಮಣ್ಣಿಗೆ ಹೋದವರು ಬೀರಯ್ಯ, ಬಸವಮ್ಮ. ಚಿಕ್ಕಮಲ್ಲಮ್ಮ ಮನೆಯಲ್ಲೇ ಉಳಿದಳು.

ಎರಡು ಸಾವಿರದ ಎಂಟರಲ್ಲಿ ಮತ್ತೆ ಚುನಾವಣೆ. ಈ ಸಲ ಸೋಮಯ್ಯನೂ ರಘುನಾಥನೂ ಒಂದೇ ಪಕ್ಷ. ಹೇಗೆ, ಯಾಕೆ ಎಂಬುದನ್ನು ಆ ಪಕ್ಷದವರೂ ಸರಿಯಾಗಿ ಹೇಳುತ್ತಿರಲಿಲ್ಲ. ಮರಿಯಪ್ಪ ತಟ್ಟೆ ಹಿಡಿದು ಬಂದ. ಜೊತೆಗೆ ರಂಗನಾಯಕನೂ ಬಂದಿದ್ದ, ಮುಖದಲ್ಲಿ ನಗು ಇಟ್ಟುಕೊಂಡು.

“ಚಿಕ್ಕವ್ವ, ಹಳೇದೆಲ್ಲಾ ಮರ್ತ್‌ಬುಡು. ಇಬ್ರು ಯಜಮಾನ್ರೂ ಒಂದೇ ಈಗ. ಇಬ್ರನ್ನೂ ಸೇರ್ಸಿ ಹೊಗಳಿ ಎರಡ್ ಪದ ಹಾಡ್ಕೊಡು.”

“ಇಬ್ರೂ ಎದುರುಬದುರು ಕುಂತು ಉಂಡ್ರಾ?” ಎಂದು ಕೇಳಿದಳು ಚಿಕ್ಕಮಲ್ಲಮ್ಮ.

“ಉಣ್ದೆ ಏನು! ಮೈಸೂರಲ್ಲಿ ದೊಡ್ಡ ಓಟ್ಲಲ್ಲಿ ಉಂಡ್ರು. ಪೇಪರಲ್ಲಿ ಫೋಟೋ ಬಂದದೆ.”

“ಹಂಗಾರೆ ನಿಮ್ದು ಮುಗೀತು. ನಂದು ಈರಕ್ಕಂದು ಮುಗಿದಿಲ್ಲ. ಅವಳು ಉಣ್ದೆ ಹೋದ್ಳು. ನಾ ಹಾಡಕಿಲ್ಲ, ತಗಂಡೋಗಿ.”

ರಂಗನಾಯಕ ಚಪ್ಪಲಿ ಹುಡುಕುವ ಹಾಗೆ ತಲೆ ತಗ್ಗಿಸಿದ. ತಾಯಿಯ ಹೆಸರು ಬಂದದ್ದು ಅವನಿಗೆ ತಾಕಿರಬಹುದು. ಮರಿಯಪ್ಪನಿಗೆ ಏನೂ ಆಗಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದ.

“ಆಯ್ತು ಬುಡವ್ವ, ಬಲವಂತ ಇಲ್ಲ. ನೀ ಬರ್ದಿದ್ರೂ ನಿನ್ ದನಿ ನಮ್ತಾವ ಅದೆ.”

ಅದರ ಅರ್ಥ ಆಕೆಗೆ ತಿಳಿದದ್ದು ಜೀಪು ಬೀದಿಗೆ ಬಂದಾಗ. ಹಳೆಯ ಸಭೆಯಲ್ಲಿ ಹಾಡಿದ ಹೊಗಳಿಕೆಯ ಪದ. ಅದರಲ್ಲಿ ರಘುನಾಥನ ಹೆಸರಿನ ಪಕ್ಕದಲ್ಲಿ ಈಗ ಸೋಮಯ್ಯನ ಹೆಸರೂ ಇತ್ತು, ಆಕೆಯದೇ ದನಿಯಲ್ಲಿ, ಎಲ್ಲೂ ಬಿರುಕಿಲ್ಲದಂತೆ. ಮೈಸೂರಿನ ಸ್ಟುಡಿಯೋದವರು ಈಗ ಕಂಪ್ಯೂಟರ್ ಇಟ್ಟುಕೊಂಡಿದ್ದರು, ಹಿಟ್ಟಿನ ಪದದಿಂದ ಹೆಸರು ಕಿತ್ತು ಇಲ್ಲಿ ಅಂಟಿಸಿದ್ದರು.

ಪಕ್ಕದ ಮನೆಯ ಪುಟ್ಟಸಿದ್ದಮ್ಮ ನೀರಿನ ಬಿಂದಿಗೆ ಇಳಿಸಿ ಜೀಪು ಹೋಗುವವರೆಗೂ ಕೇಳಿದಳು.

“ಈ ಸಲ ಇಬ್ರ ಕಡೆನೂ ಸೇರ್ಕಂಬುಟ್ಟೆ ಅನ್ನು” ಎಂದಳು.

“ಅದು ನಾನಲ್ಲ ಕಣವ್ವ. ನಾ ಹಾಡಕಿಲ್ಲ ಅಂತ ಕಳ್ಸುಬುಟ್ಟೆ.”

“ನಿನ್ ದನಿ ನಂಗೊತ್ತಿಲ್ವ? ನನ್ ಮದ್ವೇಲಿ ಹಾಡಿದ್ದೋಳು ನೀನು.”

ಚಿಕ್ಕಮಲ್ಲಮ್ಮ ಮತ್ತೊಮ್ಮೆ ಹೇಳಿದಳು, ಸ್ವಲ್ಪ ಜೋರಾಗಿ. ಪುಟ್ಟಸಿದ್ದಮ್ಮ ವಾದಿಸಲಿಲ್ಲ. “ಹೂಂ ಬುಡು” ಎಂದು ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ಆಕೆಯನ್ನು ನಂಬಲು ಪುಟ್ಟಸಿದ್ದಮ್ಮನಿಗೆ ಯಾವ ಕಾರಣವೂ ಇರಲಿಲ್ಲ.